ಬೆನ್ನು ‘ಲಟಕ್’ ಅಂದರೆ ಆರೋಗ್ಯ ಬಂತೇ? ‘ಫ್ಯಾಮಿಲಿ ಪ್ಯಾಕೇಜ್’ಗೆ ದುಡ್ಡು ಕಟ್ಟುವ ಮುನ್ನ ಗೊತ್ತಿರಬೇಕಾದ ಸಂಗತಿಗಳು

ಬಳ್ಳಾರಿ: 2024ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿಯ ಹೆಸರು ದೇಶದ ಪತ್ರಿಕೆಗಳಲ್ಲಿ ಬಂದಿತ್ತು. ಗಣಿಗಾಗಿ ಅಲ್ಲ, ರಾಜಕೀಯಕ್ಕಾಗಿಯೂ ಅಲ್ಲ. ಕಟಿಂಗ್ ಶಾಪ್‌ನಲ್ಲಿ ಪುಕ್ಕಟೆಯಾಗಿ ಮಾಡಿದ ತಲೆ ಮಸಾಜ್‌ಗಾಗಿ. ಸುಮಾರು 30 ವರ್ಷದ ಹೌಸ್‌ಕೀಪಿಂಗ್ ಕೆಲಸಗಾರರೊಬ್ಬರು ಕ್ಷೌರ ಮುಗಿಸಿ ಮಸಾಜ್‌ಗೆ ಕೂತಿದ್ದರು. ಕೊನೆಗೆ ಕತ್ತನ್ನು ಜೋರಾಗಿ ತಿರುಗಿಸಿ ನೆಟಿಗೆ ತೆಗೆಯಲಾಯಿತು. ಕೆಲವೇ ಗಂಟೆಗಳಲ್ಲಿ ಮಾತು ನಿಂತಿತು, ದೇಹದ ಎಡಭಾಗ ಬಲ ಕಳೆದುಕೊಂಡಿತು. ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿದಾಗ ಕತ್ತಿನಿಂದ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ರಕ್ತನಾಳ ಹರಿದಿರುವುದು, ಅದರಿಂದಲೇ ಪಾರ್ಶ್ವವಾಯು ಹೊಡೆದಿರುವುದು ಗೊತ್ತಾಯಿತು. ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಟ್ಟು ಅವರನ್ನು ಉಳಿಸಲಾಯಿತು. ಚೇತರಿಕೆಗೆ ಸುಮಾರು ಎರಡು ತಿಂಗಳು ಹಿಡಿಯಿತು ಎಂದು ಆಗ ವರದಿಯಾಗಿತ್ತು.

ಆ ಸುದ್ದಿಯನ್ನು ಊರು ನಾಲ್ಕು ದಿನ ಮಾತಾಡಿ ಮರೆಯಿತು. ಆದರೆ ನೆಟಿಗೆ ತೆಗೆಸಿಕೊಳ್ಳುವ ಆಸೆ ಕಡಿಮೆಯಾಗಿಲ್ಲ, ಅದಕ್ಕೆ ಹೊಸ ಹೆಸರು ಬಂದಿದೆ: ಕೈರೋಪ್ರಾಕ್ಟಿಕ್. ಮೊಬೈಲ್ ತೆಗೆದರೆ ಸಾಕು, ದೊಡ್ಡ ನಗರಗಳ ಕ್ಲಿನಿಕ್‌ಗಳ ರೀಲ್ಸ್ ಬರುತ್ತವೆ. ಮೈಕ್ ಹಚ್ಚಿ, ‘ಲಟಕ್’ ಅನ್ನೋ ಸದ್ದು ಕೇಳಿಸಿ, ರೋಗಿ ನಕ್ಕೋತ ಎದ್ದು ನಡೆಯುವುದನ್ನು ತೋರಿಸುತ್ತಾರೆ. ಜೊತೆಗೆ ಇನ್ನೊಂದು ಮಾತು: ‘ನೋವು ಬರೋತನಕ ಕಾಯಬೇಡಿ, ಮನೆಮಂದಿಯೆಲ್ಲ ಬನ್ನಿ, ರೋಗವೇ ಹತ್ತಿರ ಸುಳಿಯಲ್ಲ.’ ಈ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಏನಿದು ಕೈರೋಪ್ರಾಕ್ಟಿಕ್?

1895ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಪಟ್ಟಣದಲ್ಲಿ ಡಿ.ಡಿ. ಪಾಮರ್ ಎಂಬಾತ ಇದನ್ನು ಶುರು ಮಾಡಿದ. ಅಯಸ್ಕಾಂತ ಶಕ್ತಿಯಿಂದ ರೋಗ ವಾಸಿ ಮಾಡುತ್ತೇನೆ ಎನ್ನುತ್ತಿದ್ದವನು ಆತ. ಕಿವಿ ಕೇಳದ ಕೆಲಸಗಾರನೊಬ್ಬನ ಬೆನ್ನೆಲುಬು ಸರಿಪಡಿಸಿ ಕಿವಿ ಕೇಳುವಂತೆ ಮಾಡಿದೆ ಎಂದು ಹೇಳಿಕೊಂಡ. ನೂರಕ್ಕೆ 95 ರೋಗಗಳಿಗೆ ಬೆನ್ನೆಲುಬು ಜರುಗಿರುವುದೇ ಕಾರಣ ಎಂಬುದು ಆತನ ವಾದ. ಇಂದಿನ ವೈದ್ಯವಿಜ್ಞಾನ ಆ ವಾದವನ್ನು ಒಪ್ಪುವುದಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ., ಅಸ್ತಮಾ ಯಾವುದೂ ಬೆನ್ನು ತಿರುವಿದರೆ ಹೋಗುವಂಥದ್ದಲ್ಲ.

ಆ ಸದ್ದಿನ ಗುಟ್ಟೂ ದೊಡ್ಡದೇನಲ್ಲ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ದಿಢೀರನೆ ಬದಲಾದಾಗ ಅನಿಲದ ಗುಳ್ಳೆ ಉಂಟಾಗುತ್ತದೆ, ಅದರ ಶಬ್ದ ಅದು. ಬೆರಳು ನೆಟಿಗೆ ತೆಗೆದಾಗ ಬರುವುದೂ ಅದೇ. ಜರುಗಿದ ಮೂಳೆ ತನ್ನ ಜಾಗಕ್ಕೆ ಬಂದು ಕೂತಿತು ಎಂಬುದಕ್ಕೆ ಆ ಸದ್ದು ಪುರಾವೆಯಲ್ಲ.

ನಮ್ಮ ಸೀಮೆಗೆ ಇದು ತೀರಾ ಹೊಸತೂ ಅಲ್ಲ. ಹಳ್ಳಿಗಳಲ್ಲಿ ಉಳುಕು ತೆಗೆಯುವವರು ಇದ್ದಾರೆ. ಕಾಲು ಮುಂದಾಗಿ ಹುಟ್ಟಿದವರು ನಡಕ್ಕೆ ಒದ್ದರೆ ಹಿಡಿತ ಬಿಡುತ್ತದೆ ಎಂಬ ನಂಬಿಕೆ ಇವತ್ತಿಗೂ ಇದೆ. ಸ್ನಾಯು ಬಿಗಿದಾಗ ತಿಕ್ಕಿದರೆ, ಎಳೆದರೆ ಸ್ವಲ್ಪ ಹೊತ್ತು ಹಗುರ ಆಗುತ್ತದೆ ನಿಜ. ಆ ಹಗುರವನ್ನೇ ವಾಸಿಯಾಯಿತು ಎಂದುಕೊಳ್ಳುವುದರಲ್ಲಿದೆ ತೊಂದರೆ.

ಉಪಯೋಗ ಎಲ್ಲಿ, ಅಪಾಯ ಎಲ್ಲಿ?

ಕೈರೋಪ್ರಾಕ್ಟಿಕ್ ಎಲ್ಲವೂ ಮೋಸ ಎಂದು ತಳ್ಳಿಹಾಕುವುದೂ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿನ ಚಿಕಿತ್ಸೆ ಕುರಿತು ಮಾರ್ಗಸೂಚಿ ಹೊರಡಿಸಿತು. ನೋವಿನ ಬಗ್ಗೆ ತಿಳಿವಳಿಕೆ ಕೊಡುವುದು, ವ್ಯಾಯಾಮ, ಮಾನಸಿಕ ಆಪ್ತಸಲಹೆ, ಕೆಲವು ಔಷಧಗಳ ಜೊತೆಗೆ ತರಬೇತಾದವರು ಮಾಡುವ ಬೆನ್ನೆಲುಬಿನ ಕೈಚಿಕಿತ್ಸೆ ಹಾಗೂ ಮಸಾಜ್ ಕೂಡ ಆ ಪಟ್ಟಿಯಲ್ಲಿವೆ. ಅದೇ ಮಾರ್ಗಸೂಚಿ ಸೊಂಟದ ಬೆಲ್ಟ್ ಮತ್ತು ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಬೇಡ ಎಂದಿದೆ. ಅಂಗಡಿಯಲ್ಲಿ ಬೆಲ್ಟ್ ಬಿಗಿದುಕೊಂಡೇ ದಿನ ತಳ್ಳುವವರು ಇದನ್ನು ಗಮನಿಸಬೇಕು.

ಅಂದರೆ ಹಳೆಯ ಸೊಂಟನೋವಿಗೆ ಹಲವು ದಾರಿಗಳಲ್ಲಿ ಇದೂ ಒಂದು, ಅಷ್ಟೇ. ನೋವೇ ಇಲ್ಲದವರು ತಿಂಗಳಿಗೆ ಎರಡು ಸಲ ಮಾಡಿಸಿಕೊಂಡರೆ ರೋಗ ಬರುವುದಿಲ್ಲ ಎನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ.

ಕತ್ತಿನ ವಿಷಯ ಬೇರೆ. ಮಿದುಳಿಗೆ ಹೋಗುವ ನಾಲ್ಕು ಮುಖ್ಯ ರಕ್ತನಾಳಗಳು ಕತ್ತಿನ ಮೂಲಕವೇ ಹಾದುಹೋಗುತ್ತವೆ. ಕತ್ತನ್ನು ಝಟ್ಟನೆ ತಿರುವುವುದಕ್ಕೂ ಈ ನಾಳಗಳ ಒಳಪದರ ಹರಿಯುವುದಕ್ಕೂ ನಂಟು ಕಂಡುಬಂದಿದೆ ಎಂದು ಅಮೆರಿಕದ ಹೃದ್ರೋಗ ಸಂಘ 2014ರಲ್ಲೇ ಎಚ್ಚರಿಸಿದೆ. ಇದು ಅಪರೂಪ. ಆದರೆ ಆದವರಿಗೆ ಜೀವಮಾನದ ಪೆಟ್ಟು. ಕಟಿಂಗ್ ಶಾಪ್ ಮಾಲೀಕರು ಇದನ್ನು ಅರಿತು ಕತ್ತು ತಿರುವುವ ರೂಢಿಯನ್ನು ಪೂರ್ತಿ ಬಿಟ್ಟರೆ ಗಿರಾಕಿಗೂ ಒಳ್ಳೆಯದು, ತಮಗೂ ಒಳ್ಳೆಯದು.

ಮಕ್ಕಳ ವಿಚಾರದಲ್ಲಂತೂ ಇನ್ನೂ ಎಚ್ಚರ ಬೇಕು. ಕೈರೋಪ್ರಾಕ್ಟಿಕ್‌ಗೆ ಕಾನೂನಿನ ಮಾನ್ಯತೆ ಇರುವ ಆಸ್ಟ್ರೇಲಿಯಾದಲ್ಲೇ, 2019ರಲ್ಲಿ 12 ವರ್ಷದೊಳಗಿನ ಮಕ್ಕಳ ಬೆನ್ನೆಲುಬು ತಿರುವಬೇಡಿ ಎಂದು ಅಲ್ಲಿನ ಮಂಡಳಿ ಸೂಚಿಸಿತ್ತು. 2024ರಲ್ಲಿ ಎರಡು ವರ್ಷದೊಳಗಿನ ಕೂಸುಗಳಿಗೆ ಅದು ಬೇಡವೇ ಬೇಡ ಎಂದಿತು. ಬಾಣಂತಿ ಮನೆಯಲ್ಲಿ ಕೂಸಿಗೆ ಎಣ್ಣೆ ಹಚ್ಚಿ ಮೆತ್ತಗೆ ತಿಕ್ಕುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ಕೈರೋಪ್ರಾಕ್ಟಿಕ್‌ಗೆಂದೇ ಪ್ರತ್ಯೇಕ ಕೌನ್ಸಿಲ್ ಇಲ್ಲ. ಆಯುಷ್ ಪದ್ಧತಿಗಳಲ್ಲಿ ಆಯುರ್ವೇದ, ಯೋಗ, ಪ್ರಕೃತಿ ಚಿಕಿತ್ಸೆ, ಯುನಾನಿ, ಸಿದ್ಧ, ಸೋವಾ ರಿಗ್ಪಾ, ಹೋಮಿಯೋಪಥಿ ಇವೆ, ಇದು ಇಲ್ಲ. ಹಾಗಾಗಿ ನಾಲ್ಕಾರು ವರ್ಷ ಓದಿದವರೂ, ವಾರಾಂತ್ಯದ ಕೋರ್ಸ್ ಮಾಡಿದವರೂ ಒಂದೇ ಹೆಸರಿನ ಬೋರ್ಡ್ ಹಾಕಿಕೊಳ್ಳಲು ಅವಕಾಶವಾಗಿದೆ. ಯಾರು ಯಾರೆಂದು ಗಿರಾಕಿಗೆ ತಿಳಿಯುವುದು ಹೇಗೆ?

ಇಲ್ಲಿ ನೆರವಿಗೆ ಬರುವುದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಜನ ಹೇಳುವ ಕೆ.ಪಿ.ಎಂ.ಇ. ಫಿಸಿಯೋಥೆರಪಿ ಕೇಂದ್ರಗಳೂ ಇದರ ವ್ಯಾಪ್ತಿಯಲ್ಲಿವೆ. ಯಾವ ಹೆಸರಿಟ್ಟುಕೊಂಡರೂ ಸರಿ, ರೋಗ ಪತ್ತೆ, ಚಿಕಿತ್ಸೆ ಅಥವಾ ರೋಗ ತಡೆಯ ವೈದ್ಯಕೀಯ ಸೇವೆ ಕೊಡುವ ಖಾಸಗಿ ಜಾಗ ನೋಂದಣಿ ಮಾಡಿಸಲೇಬೇಕು. 2024ರಲ್ಲಿ ಸರ್ಕಾರ ನೋಂದಣಿ ಸಂಖ್ಯೆಯನ್ನು ಬೋರ್ಡ್ ಮೇಲೆ ಕಾಣುವಂತೆ ಬರೆಸಬೇಕು, ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಬಣ್ಣ ಇರಬೇಕು ಎಂದು ಸೂಚಿಸಿದೆ. ದೂರು ಇದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ ಇದೆ. ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಕೊಡಬಹುದು.

ಅಸಲಿ ಕಾರಣ ದುಡಿಮೆಯಲ್ಲಿದೆ

‘ನಡ ಹಿಡಕಂಡೈತಿ’ ಎನ್ನುವ ಮಾತು ಈ ಜಿಲ್ಲೆಯಲ್ಲಿ ಸುಮ್ಮನೆ ಬಂದಿದ್ದಲ್ಲ. ಸಿರುಗುಪ್ಪ ಕಡೆ ಭತ್ತದ ವ್ಯವಹಾರ ನಡೆಯುವುದೇ 75 ಕೆ.ಜಿ. ಚೀಲದ ಲೆಕ್ಕದಲ್ಲಿ. ಒಬ್ಬ ಆಳು ಹೊರುವ ತೂಕ 55 ಕೆ.ಜಿ. ದಾಟಿದರೆ ಅದನ್ನು ಇಳಿಸಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಪೆಟ್ಟಾಗುವಷ್ಟು ಭಾರ ಹೊರಿಸಬಾರದು ಎಂದು ನಮ್ಮ 1948ರ ಕಾರ್ಖಾನೆ ಕಾಯ್ದೆಯೂ ಹೇಳಿತ್ತು. ಆದರೂ ಹಮಾಲರ ಹೆಗಲ ಮೇಲೆ ಚೀಲ ಏರುತ್ತಲೇ ಇದೆ.

ಕಾಲುವೆ ನೀರು ಬಿಟ್ಟ ಮೇಲೆ ನಾಟಿಗೆ ಇಳಿಯುವ ಹೆಣ್ಣುಮಕ್ಕಳು ದಿನವಿಡೀ ಬಗ್ಗಿಯೇ ಇರುತ್ತಾರೆ. ಕುರುಗೋಡು ಕಡೆ ಮೆಣಸಿನಕಾಯಿ ಬಿಡಿಸುವವರದೂ ಅದೇ ಪಾಡು. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಬೆನ್ನಿಗೆ ಆಸರೆ ಇಲ್ಲದ ಸ್ಟೂಲ್ ಮೇಲೆ ಕೂತು ದಪ್ಪ ಬಟ್ಟೆಯನ್ನು ಮಷಿನ್‌ಗೆ ಕೊಡುತ್ತಾ ತಾಸುಗಟ್ಟಲೆ ಕಳೆಯಬೇಕು. ಗಲ್ಲಾ ಮುಂದೆ ಬೆಳಿಗ್ಗೆಯಿಂದ ರಾತ್ರಿತನಕ ಕೂರುವ ವ್ಯಾಪಾರಿಯ ಬೆನ್ನೂ ಸುಮ್ಮನಿರುವುದಿಲ್ಲ. ಇಷ್ಟೆಲ್ಲ ಹಾಗೇ ಇಟ್ಟು, ವಾರಕ್ಕೊಮ್ಮೆ ಬೆನ್ನು ತಿರುವಿಸಿಕೊಂಡರೆ ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

ಲೆಕ್ಕವನ್ನೂ ನೋಡಬೇಕು. ಒಂದು ಸಲಕ್ಕೆ 500 ರೂಪಾಯಿ ಎಂದೇ ಇಟ್ಟುಕೊಳ್ಳಿ. ನಾಲ್ಕು ಜನರ ಕುಟುಂಬ ತಿಂಗಳಿಗೆ ಎರಡು ಸಲ ಹೋದರೆ 4,000, ವರ್ಷಕ್ಕೆ 48,000 ರೂಪಾಯಿ. ಚಿಕ್ಕ ಅಂಗಡಿಯವರಿಗೆ ಅದು ಮಕ್ಕಳ ಸ್ಕೂಲ್ ಫೀಸ್.

ಖರ್ಚಿಲ್ಲದ ಮುನ್ನೆಚ್ಚರಿಕೆ

ಆಸ್ಟ್ರೇಲಿಯಾದಲ್ಲಿ 701 ಜನರ ಮೇಲೆ ನಡೆದ ಅಧ್ಯಯನವೊಂದು 2024ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸೊಂಟನೋವಿನಿಂದ ಚೇತರಿಸಿಕೊಂಡವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಫಿಸಿಯೋಥೆರಪಿಸ್ಟ್ ಸಲಹೆಯೊಂದಿಗೆ ನಡಿಗೆ ರೂಢಿ ಮಾಡಿಸಿದರು. ವಾರಕ್ಕೆ ಐದು ದಿನ, ನಿಧಾನಕ್ಕೆ ಅರ್ಧ ತಾಸಿನವರೆಗೆ ಏರಿಸುವ ಗುರಿ. ನಡೆದವರಿಗೆ ನೋವು ಮರಳಲು ಮಧ್ಯಮ ಲೆಕ್ಕದಲ್ಲಿ 208 ದಿನ ಹಿಡಿಯಿತು, ಉಳಿದವರಿಗೆ 112 ದಿನ. ಇದಕ್ಕೆ ಪ್ಯಾಕೇಜ್ ಬೇಡ, ಚಪ್ಪಲಿ ಇದ್ದರೆ ಸಾಕು.

ಅಂಗಡಿಯಲ್ಲಿ ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವುದು, ಚೀಲ ಎತ್ತುವಾಗ ಮೊಣಕಾಲು ಮಡಿಸಿ ಮೈಗೆ ಹತ್ತಿರ ಹಿಡಿಯುವುದು, ಕೈಗಾಡಿ ಬಳಸುವುದು, ಹೊಲಿಗೆಯವರಿಗೆ ಬೆನ್ನಿಗೆ ಆಸರೆ ಇರುವ ಕುರ್ಚಿ ಕೊಡುವುದು: ಮುನ್ನೆಚ್ಚರಿಕೆ ಎಂದರೆ ಇವು. ಮೆಡಿಕಲ್ ಶಾಪ್‌ನಿಂದ ನೋವಿನ ಗುಳಿಗೆ ತಂದು ದಿನಾ ನುಂಗುವುದು ಮುನ್ನೆಚ್ಚರಿಕೆ ಅಲ್ಲ. ಅದರಿಂದ ಹೊಟ್ಟೆಗೂ ಕಿಡ್ನಿಗೂ ಪೆಟ್ಟು.

ಈ ಲಕ್ಷಣ ಇದ್ದರೆ ತಿಕ್ಕಿಸಬೇಡಿ

ಬೆನ್ನುನೋವಿನ ಜೊತೆ ಜ್ವರ, ತೂಕ ಇಳಿಕೆ, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೆನ್ನೆಲುಬಿನ ಕ್ಷಯ ಅಥವಾ ಗಡ್ಡೆ ಇರಬಹುದು. ಕಾಲಿನ ಬಲ ಕುಗ್ಗಿದರೆ, ತೊಡೆ ಸಂದಿ ಜೋಮು ಹಿಡಿದರೆ, ಮೂತ್ರ-ಮಲದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಿದ್ದು ಪೆಟ್ಟಾದವರು, ಮೂಳೆ ಸವೆದ ವಯಸ್ಸಾದವರು ಮೊದಲು ಎಲುಬು-ಕೀಲು ವೈದ್ಯರನ್ನು ಕಾಣಬೇಕು. ಕತ್ತು ತಿರುವಿಸಿಕೊಂಡ ಮೇಲೆ ಹಿಂದೆಂದೂ ಇಲ್ಲದ ತಲೆನೋವು, ತಲೆಸುತ್ತು, ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು ಕಂಡರೆ ತಕ್ಷಣ 108ಕ್ಕೆ ಫೋನ್ ಮಾಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಗಡುವು ಇದೆ.

ಸಿರುಗುಪ್ಪದಿಂದ ಬಳ್ಳಾರಿಗೆ 50 ಕಿ.ಮೀ.ಗೂ ಹೆಚ್ಚು ದೂರ. ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬಂದು ಹೋದರೆ ಒಂದು ದಿನದ ಕೂಲಿ ಹೋಯಿತು. ಹತ್ತಿರದಲ್ಲಿ ಯಾರು ತಿಕ್ಕುತ್ತಾರೋ ಅವರ ಬಳಿ ಜನ ಹೋಗುವುದು ಅದಕ್ಕೇ. ಸಿರುಗುಪ್ಪ, ಕುರುಗೋಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲುಬು-ಕೀಲು ವೈದ್ಯರು, ಫಿಸಿಯೋಥೆರಪಿಸ್ಟ್ ಯಾವ ದಿನ, ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂಬುದನ್ನು ಬಾಗಿಲಲ್ಲೇ ಬೋರ್ಡ್ ಹಾಕಿದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಚೀಲದ ತೂಕ ಇಳಿಸುವುದು. ಅದು ಗಿರಣಿ ಮಾಲೀಕರು, ಎ.ಪಿ.ಎಂ.ಸಿ. ವರ್ತಕರು ಮತ್ತು ಕಾರ್ಮಿಕ ಇಲಾಖೆ ಕೂತು ತೀರ್ಮಾನಿಸಬೇಕಾದ ವಿಷಯ.

ಅಲ್ಲಿಯವರೆಗೆ ಯಾರೇ ಬೆನ್ನು ಮುಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ಓದಿದ್ದು ಏನು? ಕೆ.ಪಿ.ಎಂ.ಇ. ನಂಬರ್ ಎಲ್ಲಿದೆ? ಎಷ್ಟು ಸಲಕ್ಕೆ ಕಮ್ಮಿ ಆಗದಿದ್ದರೆ ಯಾವ ಡಾಕ್ಟರ್ ಹತ್ತಿರ ಕಳಿಸುತ್ತೀರಿ? ಉತ್ತರ ಕೊಡಲು ತಡವರಿಸಿದರೆ ಎದ್ದು ಬರುವುದೇ ಲೇಸು.