ಪ್ರವಾಸಿ ಬರೆದ ಒಂದು ಸಾಲು, ನಾಡಿಗೆ ಅಂಟಿದ ಹಣೆಪಟ್ಟಿ

ಸಿಕಂದರಾಬಾದ್: 2025ರ ಮೇ ತಿಂಗಳಲ್ಲಿ ಹೈದರಾಬಾದ್‌ನಲ್ಲಿ ಮಿಸ್ ವರ್ಲ್ಡ್ ಸ್ಪರ್ಧೆ ನಡೆದಾಗ ತೆಲಂಗಾಣ ಸರ್ಕಾರದ ಲೆಕ್ಕಾಚಾರ ಸ್ಪಷ್ಟವಿತ್ತು. ನೂರಕ್ಕೂ ಹೆಚ್ಚು ದೇಶಗಳ ಸ್ಪರ್ಧಿಗಳು ಚಾರ್ಮಿನಾರ್, ರಾಮಪ್ಪ ದೇವಾಲಯ ನೋಡಿದರೆ ರಾಜ್ಯದ ಹೆಸರು ಜಗತ್ತಿಗೆ ತಲುಪುತ್ತದೆ ಎಂಬುದು. ಆದರೆ ವಿವಾದ ಎಬ್ಬಿಸಿದ್ದು ರಾಮಪ್ಪ ದೇವಾಲಯದಲ್ಲಿ ಸ್ಪರ್ಧಿಗಳ ಕಾಲು ತೊಳೆಯಲು ಮಹಿಳೆಯರು ನೆರವಾದ ವಿಡಿಯೊ. ಇದು ವಸಾಹತುಶಾಹಿ ಮನಸ್ಥಿತಿ ಎಂದು ವಿರೋಧ ಪಕ್ಷಗಳು ಟೀಕಿಸಿದವು.

ಒಂದು ತುಣುಕು ಇಡೀ ನಾಡಿನ ಚಿತ್ರವಾಗಿಬಿಡುವುದು ಈ ಅವಳಿ ನಗರಕ್ಕೆ ಹೊಸದಲ್ಲ.

ದಂಡಿನಲ್ಲಿ ಕುಳಿತು ಕಂಡ ನಗರ

1896ರ ನವೆಂಬರ್‌ನಲ್ಲಿ ಬೆಂಗಳೂರಿನ ದಂಡಿನಿಂದ ಸಿಕಂದರಾಬಾದ್‌ಗೆ ಪೋಲೊ ಆಡಲು ಬಂದ ಸೇನಾಧಿಕಾರಿಗಳಲ್ಲಿ 21 ವರ್ಷದ ವಿನ್‌ಸ್ಟನ್ ಚರ್ಚಿಲ್ ಒಬ್ಬರು. ತಿರುಮಲಗಿರಿಯಿಂದ ತಾಯಿಗೆ ಬರೆದ ಪತ್ರದಲ್ಲಿ, ಹೈದರಾಬಾದ್ ನಗರವನ್ನು ಆನೆ ಮೇಲೆ ಕುಳಿತೇ ನೋಡಬೇಕು, ನಡೆದು ಹೋದರೆ ಸ್ಥಳೀಯರು ಯುರೋಪಿಯನ್ನರ ಮೇಲೆ ಉಗುಳುತ್ತಾರೆ ಎಂದಿದ್ದರು. ಗಮನಿಸಬೇಕಾದ ಸಂಗತಿ ಎಂದರೆ, ಇದು ನಗರ ಸುತ್ತಲು ಹೊರಡುವ ಮುನ್ನವೇ ಬರೆದ ಮಾತು.

1806ರಲ್ಲಿ ನಿಜಾಮ ಸಿಕಂದರ್ ಜಾಹ್ ಹೆಸರು ಪಡೆದ ಸಿಕಂದರಾಬಾದ್ ಬ್ರಿಟಿಷರ ದಂಡುಪ್ರದೇಶ. ಹುಸೇನ್ ಸಾಗರದ ಆಚೆಗೆ ನಿಜಾಮರ ನಗರ. 1857ರ ಜುಲೈನಲ್ಲಿ ತುರ್ರೆಬಾಜ್ ಖಾನ್ ಮತ್ತು ಸಂಗಡಿಗರು ಬ್ರಿಟಿಷ್ ರೆಸಿಡೆನ್ಸಿ ಮೇಲೆ ದಾಳಿ ಮಾಡಿದ್ದರು. ಅಲ್ಲಿದ್ದ ಸಿಟ್ಟಿಗೆ ರಾಜಕೀಯ ಕಾರಣಗಳಿದ್ದವು. ಕಾರಣ ಬಿಟ್ಟು ಸಿಟ್ಟನ್ನಷ್ಟೇ ದಾಖಲಿಸಿದರೆ ಅದು ಜನರ ಸ್ವಭಾವದಂತೆ ಕಾಣುತ್ತದೆ. ಹಣೆಪಟ್ಟಿ ಹುಟ್ಟುವುದು ಹೀಗೆ.

ಓದುಗರ ಪಾಲೂ ಇದೆ

ತಪ್ಪು ಯಾವಾಗಲೂ ಬರೆದವರದ್ದೇ ಅಲ್ಲ. ಗೋಲ್ಕೊಂಡ ರಾಜ್ಯದಲ್ಲಿ ಸಂಚರಿಸಿದ ಫ್ರೆಂಚ್ ವಜ್ರ ವ್ಯಾಪಾರಿ ಟಾವರ್ನಿಯೆ ಅವರ ಪ್ರವಾಸ ಕಥನ 1676ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟವಾಯಿತು. ಕೃಷ್ಣಾ ತೀರದ ಕೊಲ್ಲೂರು ಗಣಿ ಗೋಲ್ಕೊಂಡದಿಂದ ಏಳು ದಿನಗಳ ಹಾದಿ ಎಂದು ಅವರು ಬರೆದಿದ್ದಾರೆ. ಗಣಿ ಕಾರ್ಮಿಕರ ಕಡು ಬಡತನವನ್ನೂ ದಾಖಲಿಸಿದ್ದಾರೆ. ಆದರೆ ಯುರೋಪ್ ನೆನಪಿಟ್ಟುಕೊಂಡಿದ್ದು ವಜ್ರದ ಹೊಳಪನ್ನು ಮಾತ್ರ. ಇಂಗ್ಲಿಷ್‌ನಲ್ಲಿ 'ಗೋಲ್ಕೊಂಡ' ಎಂದರೆ ಅಪಾರ ಸಂಪತ್ತಿನ ಗಣಿ ಎಂದಾಯಿತು; ಅಮೆರಿಕದ ಇಲಿನಾಯ್ ಮತ್ತು ನೆವಾಡಾದ ಊರುಗಳಿಗೂ ಅದೇ ಹೆಸರು ಬಂತು. ವಜ್ರ ಅಗೆದ ಕೂಲಿಗಳು ಪುಸ್ತಕದಲ್ಲಿಯೇ ಉಳಿದರು.

ನಾವೂ ಹೊರತಲ್ಲ

ಕನ್ನಡಿಗರು ಇದಕ್ಕೆ ಬರೀ ಬಲಿಪಶುಗಳಲ್ಲ. ಹೆನ್ರಿ ಸ್ಟಾನ್ಲಿ 1878ರಲ್ಲಿ ಪ್ರಕಟಿಸಿದ ಆಫ್ರಿಕಾ ಪ್ರವಾಸ ಕಥನದ ಶೀರ್ಷಿಕೆಯಲ್ಲೇ 'ಕತ್ತಲೆಯ ಖಂಡ' ಎಂಬ ಮಾತಿತ್ತು. ಆ ಮಾತು ಕನ್ನಡಕ್ಕೂ ಬಂದು 'ಕಗ್ಗತ್ತಲ ಖಂಡ' ಎಂದು ಬಾಯಿಪಾಠವಾಯಿತು. ಐವತ್ತಕ್ಕೂ ಹೆಚ್ಚು ದೇಶಗಳ ಭೂಭಾಗ ಒಂದೇ ಬಣ್ಣಕ್ಕೆ ಇಳಿಯಿತು.

ಇದರ ಬೆಲೆ ಏನೆಂದು ಬೆಂಗಳೂರು ಕಂಡಿದೆ. 2016ರ ಜನವರಿ 31ರ ರಾತ್ರಿ ನಗರದ ಹೊರವಲಯದಲ್ಲಿ ಸುಡಾನ್ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿ ಹೊಡೆದು ಮಹಿಳೆಯೊಬ್ಬರು ಮೃತಪಟ್ಟರು. ಬಳಿಕ ಅದೇ ದಾರಿಯಲ್ಲಿ ಬಂದ, ಅಪಘಾತಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿತು. ಅದಕ್ಕೆ ಹಳೆಯ ಪುಸ್ತಕವೊಂದೇ ಕಾರಣ ಎನ್ನಲಾಗದು. ಆದರೆ ಎರಡು ಬೇರೆ ದೇಶಗಳ ಇಬ್ಬರನ್ನು ಒಂದೇ ಎಂದು ಕಾಣುವ ದೃಷ್ಟಿ ಒಂದು ರಾತ್ರಿಯಲ್ಲಿ ಹುಟ್ಟಿದ್ದಲ್ಲ.

ಕೇಳಬೇಕಾದ ಪ್ರಶ್ನೆ

ಇಂದು ಪತ್ರದ ಜಾಗದಲ್ಲಿ ವ್ಲಾಗ್, ರೀಲ್ಸ್ ಬಂದಿವೆ. ನಾಲ್ಕು ದಿನ ಬ್ಯಾಂಕಾಕ್ ಸುತ್ತಿದವರು 'ಥಾಯ್ಲೆಂಡ್ ಜನರೇ ಹೀಗೆ' ಎನ್ನುತ್ತಾರೆ. ಭಾರತದ ಒಂದು ಬೀದಿ ಬದಿ ಅಂಗಡಿ ತೋರಿಸಿ 'ಭಾರತವೇ ಹೀಗೆ' ಎನ್ನುವ ವಿದೇಶಿಯರೂ ಇದ್ದಾರೆ. ನೋಡುಗರು ಕೇಳಬೇಕಾದ ಪ್ರಶ್ನೆ ಸರಳ: ಇವರು ಉಳಿದಿದ್ದು ಎಲ್ಲಿ, ಮಾತನಾಡಿಸಿದ್ದು ಯಾರನ್ನು, ಕಣ್ಣಾರೆ ಕಂಡಿದ್ದು ಎಷ್ಟು? ತಿರುಮಲಗಿರಿಯಿಂದ ಹೋದ ಆ ಪತ್ರಕ್ಕೆ ಈ ಪ್ರಶ್ನೆ ಹಾಕಿದ್ದರೆ ಹೈದರಾಬಾದ್‌ಗಿಂತ ಹೆಚ್ಚಾಗಿ ಸಿಕಂದರಾಬಾದ್ ದಂಡಿನ ಭಯವೇ ಅದರಲ್ಲಿ ಕಾಣುತ್ತಿತ್ತು.