ಇತಿಹಾಸದ ತರಗತಿ ಶಾಸನದ ಬಳಿಗೂ ಹೋಗಲಿ

ಪಿಯುಸಿ ಪ್ರವೇಶದ ಹೊತ್ತಿಗೆ ಜಯನಗರದ ಮನೆಗಳಲ್ಲಿ ಮೊದಲು ಬರುವುದು ಪಿಸಿಎಂಬಿ, ಪಿಸಿಎಂಸಿಯ ಮಾತು. ಆಮೇಲೆ ಕಾಮರ್ಸ್. ಇತಿಹಾಸವಿರುವ ಎಚ್‌ಇಪಿಎಸ್ ಸರದಿ ಕೊನೆಗೆ. ಇತಿಹಾಸ ಓದುತ್ತೇನೆ ಎಂದ ಮಕ್ಕಳಿಗೆ ಹಿರಿಯರು ತೋರಿಸುವ ದಾರಿ ಎರಡೇ: ಬಿ.ಇಡಿ. ಮಾಡಿ ಮೇಷ್ಟ್ರಾಗು, ಇಲ್ಲವೇ ಕೆಎಎಸ್, ಐಎಎಸ್ ಬರೆ. ಎರಡೂ ಒಳ್ಳೆಯವೇ. ಆದರೆ ಪದವಿಗೆ ಅಷ್ಟೇ ಬೆಲೆ ಎಂದರೆ, ಸ್ಪರ್ಧಾತ್ಮಕ ಪರೀಕ್ಷೆ ದಾಟದವರ ಓದೆಲ್ಲ ದಂಡ ಎಂದು ನಾವೇ ಒಪ್ಪಿಕೊಂಡಂತೆ.

ಇತಿಹಾಸ ಕಲಿಸುವ ನಿಜವಾದ ಕಸುಬು ಸಾಕ್ಷ್ಯವನ್ನು ತೂಗುವುದು. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಿದ್ದರಿಂದ ಬೆಂಗಳೂರಿಗೆ ಆ ಹೆಸರು ಬಂತೆಂಬ ಕಥೆ ಎಲ್ಲರಿಗೂ ಗೊತ್ತು. ಎರಡನೇ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನವಾದರೋ ಬೆಂಗಳೂರಿನ ಕಾಳಗದಲ್ಲಿ ಮಡಿದವನೊಬ್ಬನನ್ನು ಆಗಲೇ ನೆನೆದಿದೆ. ಯಾವುದನ್ನು ನಂಬಬೇಕು, ಎಷ್ಟು ನಂಬಬೇಕು, ಆ ಕಥೆಯಾದರೂ ಏಕೆ ಹುಟ್ಟಿತು? ಹೀಗೆ ಕೇಳಲು ಕಲಿತವರು ಪತ್ರಿಕಾ ಕಚೇರಿಯಲ್ಲೂ ನ್ಯಾಯಾಲಯದಲ್ಲೂ ಸಾಕ್ಷ್ಯಚಿತ್ರ ತಂಡದಲ್ಲೂ ಬೇಕಾದವರೇ.

ತೊಡಕಿರುವುದು ಕಲಿಸುವ ರೀತಿಯಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಎಂ.ಎಚ್. ಕೃಷ್ಣ ಪುರಾತತ್ವ ಇಲಾಖೆಯನ್ನೂ ನಡೆಸಿದರು. 1936ರಲ್ಲಿ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದರು. ತರಗತಿಗೂ ಬಯಲಿಗೂ ಆಗ ನಡುವೆ ಗೋಡೆ ಇರಲಿಲ್ಲ. ಇಂದು ಬೆಂಗಳೂರಿನ ಶಾಸನಗಳ ಮೂರು ಆಯಾಮದ ಡಿಜಿಟಲ್ ಪ್ರತಿ ತೆಗೆಯುವ ಮಿಥಿಕ್ ಸೊಸೈಟಿಯ ಯೋಜನೆಯ ಮುಂದಾಳು ಪಿ.ಎಲ್. ಉದಯಕುಮಾರ್, ಓದಿನಿಂದ ಎಂಜಿನಿಯರ್. ಅವರ ಕೆಲಸ ಮೆಚ್ಚಬೇಕಾದ್ದೇ. ಆದರೆ ಹಳಗನ್ನಡ ಲಿಪಿ ಓದದೆ, ಒಂದು ಪಡಿಯಚ್ಚನ್ನೂ ತೆಗೆಯದೆ, ನೋಟ್ಸ್ ನಂಬಿಕೊಂಡೇ ಬಿ.ಎ. ಮುಗಿಸಬಹುದಾದ ವ್ಯವಸ್ಥೆಯಿಂದ ಇಂಥ ಕೆಲಸಕ್ಕೆ ಎಷ್ಟು ಮಂದಿ ಬಂದಾರು?

ಸಾಮಗ್ರಿಗೇನೂ ಕೊರತೆಯಿಲ್ಲ. ವಿಧಾನಸೌಧದಲ್ಲಿ ರಾಜ್ಯ ಪತ್ರಾಗಾರವಿದೆ. ಜಯನಗರದ ಎನ್‌ಎಂಕೆಆರ್‌ವಿ ಮಹಿಳಾ ಕಾಲೇಜಿನಲ್ಲಿ ಸಿ.ಎನ್. ಮಂಗಳಾ ಕಟ್ಟಿದ, ಹೆಣ್ಣುಮಕ್ಕಳ ಬದುಕಿನ ವಸ್ತುಗಳ 'ಶಾಶ್ವತಿ' ಸಂಗ್ರಹಾಲಯವಿದೆ. 1948ರಲ್ಲಿ ಅಡಿಗಲ್ಲು ಕಂಡ ಜಯನಗರವೇ ಒಂದು ಅಧ್ಯಯನ ವಸ್ತು: ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನ (ಸಿಐಟಿಬಿ) ನಿವೇಶನ ಹಂಚಿಕೆ ಪತ್ರಗಳು, ಹಳೆಯ ನಕ್ಷೆಗಳು, ಮೊದಲು ಬಂದು ನೆಲೆಸಿದವರ ನೆನಪುಗಳು. ಸೈಟು ಯಾರಿಗೆ ಸಿಕ್ಕಿತು, ಹೊಲ ಬಿಟ್ಟುಕೊಟ್ಟ ಹಳ್ಳಿಯವರು ಎಲ್ಲಿಗೆ ಹೋದರು ಎಂಬುದನ್ನು ಹುಡುಕಿ ಬರೆದ ವಿದ್ಯಾರ್ಥಿ ನಾಳೆ ನಗರ ಯೋಜನೆಯ ಚರ್ಚೆಯಲ್ಲೂ ಮಾತಾಡಬಲ್ಲ.

ಸಂಬಳದ ಪ್ರಶ್ನೆಯನ್ನು ಮುಚ್ಚಿಡಬೇಕಾಗಿಲ್ಲ. ಪುರಾತತ್ವ ಇಲಾಖೆ, ಪತ್ರಾಗಾರ, ವಸ್ತುಸಂಗ್ರಹಾಲಯಗಳ ಹುದ್ದೆಗಳು ಬೆರಳೆಣಿಕೆಯವು. ಐಟಿ ಕಂಪನಿಯ ಆರಂಭದ ವೇತನ ಅಲ್ಲಿ ಸಿಗದು. ಅದಕ್ಕೇ ಪದವಿಯ ಜೊತೆಗೆ ಕೈಯಲ್ಲೊಂದು ಕೆಲಸವೂ ಇರಬೇಕು: ದಾಖಲೆ ಓದುವುದು, ಸಂದರ್ಶನ ಮಾಡುವುದು, ಡಿಜಿಟಲ್ ಪಟ್ಟಿ ತಯಾರಿಸುವುದು.

ಪದವಿ ಮತ್ತೆ ಮೂರು ವರ್ಷಕ್ಕೆ ಇಳಿದಿರುವುದರಿಂದ ಕ್ಷೇತ್ರಕಾರ್ಯಕ್ಕೆ ಪುರುಸೊತ್ತಿಲ್ಲ ಎನ್ನುವ ನೆಪ ಬರಬಹುದು. ಎಲ್ಲ ರಾಜವಂಶಗಳನ್ನೂ ಓಡಿಸಿಕೊಂಡು ಹೋಗುವ ಒಂದು ಪತ್ರಿಕೆಯನ್ನು ತೆಗೆದರೆ ಆ ಸಮಯ ಸಿಗುತ್ತದೆ. ವಿಶ್ವವಿದ್ಯಾನಿಲಯಗಳ ಅಧ್ಯಯನ ಮಂಡಳಿಗಳು ಮುಂದಿನ ಪಠ್ಯಕ್ರಮದಲ್ಲೇ ಇದನ್ನು ಮಾಡಲಿ.