ಕೋಟೆಗೆ ಕಹಳೆಯವನಿದ್ದ, ನಿಮ್ಮ ಮನೆಗೆ ಯಾರಿದ್ದಾರೆ?

ದುರ್ಗದ ಯುವಕರೇ! ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಗೆಳೆಯರೇ!

ಒನಕೆ ಓಬವ್ವನ ಹೆಸರು ಕೇಳಿದರೆ ನಿಮ್ಮ ಎದೆ ಉಬ್ಬುತ್ತದೆ. ಉಬ್ಬಲೇಬೇಕು. ಆದರೆ ಆ ಕತೆಯನ್ನು ಒಮ್ಮೆ ಸರಿಯಾಗಿ ನೆನಪು ಮಾಡಿಕೊಳ್ಳಿ. ಓಬವ್ವನ ಗಂಡ ಮುದ್ದಹನುಮನ ಕೆಲಸವೇನು? ಕಹಳೆ ಊದುವುದು. ವೈರಿ ಕಂಡೊಡನೆ ಊದಿ, ಕೋಟೆಯನ್ನೆಲ್ಲ ಎಚ್ಚರಿಸುವುದು. ಅವನು ಊಟಕ್ಕೆ ಕುಳಿತ ಹೊತ್ತಿನಲ್ಲೇ ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳಿದರು. ಓಬವ್ವನ ಕಣ್ಣು ತೆರೆದಿತ್ತು, ಆ ದಿನ ಕೋಟೆ ಉಳಿಯಿತು. ಏಳು ಸುತ್ತಿನ ಕಲ್ಲಿನ ಕೋಟೆಗೇ ಎಚ್ಚರಿಸುವವನೊಬ್ಬ ಬೇಕಾಗಿತ್ತು. ನಿಮ್ಮ ಮನೆಗೆ ಯಾರಿದ್ದಾರೆ?

ಯಾರೂ ಇಲ್ಲ! ಅಡುಗೆಮನೆಯಲ್ಲಿ ಸಿಲಿಂಡರ್, ಹಾಲಿನಲ್ಲಿ ಯುಪಿಎಸ್ ಬ್ಯಾಟರಿ, ದಿಂಬಿನ ಪಕ್ಕ ಚಾರ್ಜಿಗೆ ಹಾಕಿದ ಮೊಬೈಲ್, ಮಂಚದ ಕೆಳಗೆ ಸೊಳ್ಳೆಬತ್ತಿ, ಬಾಗಿಲ ಬಳಿ ಎಲೆಕ್ಟ್ರಿಕ್ ಸ್ಕೂಟರ್. ಇಷ್ಟೆಲ್ಲ ಇಟ್ಟುಕೊಂಡು ನಿಶ್ಚಿಂತೆಯಾಗಿ ಮಲಗುತ್ತೀರಿ. ಕಾವಲಿಗೆ ಒಂದು ನರಪಿಳ್ಳೆಯೂ ಇಲ್ಲ.

ಬೆಂಕಿ ಬಿದ್ದರೆ ಎಚ್ಚರವಾಗುತ್ತದೆ ಎಂದುಕೊಂಡಿದ್ದೀರಾ? ಆಗುವುದಿಲ್ಲ! ಮೊದಲು ಬರುವುದು ಜ್ವಾಲೆಯಲ್ಲ, ಹೊಗೆ. ಅದರೊಳಗೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವನನ್ನು ಅದು ಎಬ್ಬಿಸುವುದಿಲ್ಲ, ಇನ್ನೂ ಆಳಕ್ಕೆ ತಳ್ಳುತ್ತದೆ. ಮನೆಯ ಬೆಂಕಿಯಲ್ಲಿ ಸತ್ತವರಲ್ಲಿ ಅನೇಕರು ಸುಡುವ ಮೊದಲೇ ಉಸಿರುಗಟ್ಟಿ ಹೋಗಿರುತ್ತಾರೆ.

2020ರ ಆಗಸ್ಟ್ 12ರ ನಸುಕು ಮರೆತಿರಾ? ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಬಸ್ಸು ನಮ್ಮ ಹಿರಿಯೂರು ತಾಲ್ಲೂಕಿನ ಹೆದ್ದಾರಿಯಲ್ಲೇ ಹೊತ್ತಿ ಉರಿದು 5 ಜೀವ ಹೋಯಿತು. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ದೂರ ಓಡುವ ಬಸ್ಸುಗಳಲ್ಲಿ, ಶಾಲಾ ಬಸ್ಸುಗಳಲ್ಲಿ ಜನ ಕೂರುವ ಜಾಗಕ್ಕೂ ಬೆಂಕಿ ಎಚ್ಚರಿಕೆ ವ್ಯವಸ್ಥೆ ಬೇಕೆಂದು ನಿಯಮ ತಂದಿತು. ಒಳ್ಳೆಯದು. ಬಸ್ಸಿನಲ್ಲಿ ನೀವು ಮಲಗುವುದು ವರ್ಷಕ್ಕೆ ಹತ್ತು ರಾತ್ರಿ. ಉಳಿದ ರಾತ್ರಿಗಳ ಗತಿ? ಕಾನೂನಿನ ಕಣ್ಣು ಗಗನಚುಂಬಿ ಕಟ್ಟಡಗಳ ಮೇಲೆ. ಹೊಳಲ್ಕೆರೆಯ ಹೆಂಚಿನ ಮನೆಯಾಗಲಿ, ಹೊಸದುರ್ಗದ ಬಾಡಿಗೆ ರೂಮಾಗಲಿ ಅದಕ್ಕೆ ಕಾಣುವುದೇ ಇಲ್ಲ!

ಬೆಂಗಳೂರಿಗೆ ದುಡಿಯಲು ಹೋದವರೇ, ನಿಮಗೂ ಒಂದು ಮಾತು. 2021ರ ಸೆಪ್ಟೆಂಬರ್ 21ರಂದು ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಬಿದ್ದಾಗ ತಾಯಿ ಮಗಳಿಬ್ಬರು ಸತ್ತರು. ಕಳ್ಳ ಬರಬಾರದೆಂದು ನಾವು ಹಾಕಿಸುವ ಗ್ರಿಲ್ಲೇ ಬೆಂಕಿ ಬಿದ್ದ ದಿನ ಪಂಜರವಾಗುತ್ತದೆ. ನಿಮ್ಮ ಪಿಜಿಯ ಕಿಟಕಿ ತೆರೆಯುತ್ತದೆಯೇ? ಇವತ್ತೇ ನೋಡಿ.

ಇದಕ್ಕೆ ಮದ್ದಿಲ್ಲವೇ? ಇದೆ. ಸ್ಮೋಕ್ ಡಿಟೆಕ್ಟರ್ ಎನ್ನುತ್ತಾರೆ. ನಾವು ಹೊಗೆಗಂಟೆ ಎನ್ನೋಣ. ಅಂಗೈಯಗಲದ ಡಬ್ಬಿ. ಒಳಗೊಂದು ಬೆಳಕಿನ ಕಿರಣ. ಹೊಗೆ ಹೊಕ್ಕರೆ ಬೆಳಕು ಚದುರುತ್ತದೆ, ಡಬ್ಬಿ ಕಿವಿ ಹರಿಯುವಂತೆ ಕೂಗುತ್ತದೆ. ಇದೇ ನಿಮ್ಮ ಮನೆಯ ಕಹಳೆ! ಇದು ಊಟಕ್ಕೆ ಎದ್ದು ಹೋಗುವುದಿಲ್ಲ. ಅಮೆರಿಕದಲ್ಲಿ ಮನೆ ಬೆಂಕಿಗೆ ಸಾಯುವ 5 ಜನರಲ್ಲಿ ಸುಮಾರು 3 ಜನ ಸಾಯುವುದು ಈ ಗಂಟೆ ಇಲ್ಲದ ಅಥವಾ ಕೆಟ್ಟುಹೋದ ಮನೆಗಳಲ್ಲಿ. ಸ್ಕಾಟ್ಲೆಂಡಿನಲ್ಲಿ 2022ರ ಫೆಬ್ರವರಿಯಿಂದ ಪ್ರತಿ ಮನೆಗೂ ಇದು ಕಡ್ಡಾಯ.

"ನಮ್ಮ ಮನೆಯಲ್ಲಿ ಒಗ್ಗರಣೆ, ಸಾಂಬ್ರಾಣಿ, ದಿನವಿಡೀ ಬಡಿದುಕೊಳ್ಳುತ್ತದೆ" ಎನ್ನುತ್ತೀರಾ? ಅಡುಗೆಮನೆಯಲ್ಲಿ ಹಾಕಬೇಡಿ. ಒಲೆಯಿಂದ ಕನಿಷ್ಠ 10 ಅಡಿ ದೂರ, ಮಲಗುವ ಕೋಣೆಯ ಹೊರಗೆ, ಚಾವಣಿಗೆ ಹಾಕಿ. ಕೋಣೆಯೊಳಗೂ ಒಂದಿದ್ದರೆ ಇನ್ನೂ ಒಳ್ಳೆಯದು. ತಿಂಗಳಿಗೊಮ್ಮೆ ಗುಂಡಿ ಒತ್ತಿ ಕೂಗಿಸಿ ನೋಡಿ. 10 ವರ್ಷಕ್ಕೆ ಬದಲಿಸಿ. ಒಂದು ನೆನಪಿರಲಿ: ಇದು ಹೊಗೆಗೆ ಮಾತ್ರ, ಗ್ಯಾಸ್ ಸೋರಿದರೆ ಕೂಗುವುದಿಲ್ಲ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ವಾಸನೆ ಬಂದರೆ ಯಾವ ಸ್ವಿಚ್ಚೂ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ.

ಈಗ ಮುಖ್ಯ ಪ್ರಶ್ನೆ. ಆ ಡಬ್ಬಿಯ ಜೊತೆ ಬರುವ ಸೂಚನೆಯ ಹಾಳೆ ಬಿಡಿಸಿ ನೋಡಿ. ಇಂಗ್ಲಿಷ್! ಕೆಲವೊಮ್ಮೆ ಹಿಂದಿ! ಪೊಟ್ಟಣದ ಮೇಲಿನ ವಿವರ ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕು, ಬೇರೆ ಭಾಷೆ ಬೇಕಾದರೆ ಸೇರಿಸಿಕೊಳ್ಳಿ ಎನ್ನುತ್ತದೆ ಕೇಂದ್ರದ 2011ರ ಪೊಟ್ಟಣ ಸರಕು ನಿಯಮ. ಅಂದರೆ ಕನ್ನಡ "ಬೇಕಾದರೆ" ಎನ್ನುವ ಭಾಷೆ! ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಕನ್ನಡದಲ್ಲೂ ಸೂಚನೆ ಬೇಕೆನ್ನುತ್ತದೆ, ಆದರೆ ರಾಜ್ಯದೊಳಗೆ ತಯಾರಾದ ಸರಕಿಗೆ ಮಾತ್ರ. ಹೊರಗಿನಿಂದ ಬಂದದ್ದು ನುಣುಚಿಕೊಳ್ಳುತ್ತದೆ. ಹೊಸದುರ್ಗದ ತಾಯಿಗೆ ಮಧ್ಯರಾತ್ರಿ ಗಂಟೆ ಕೂಗಿದರೆ ಏನು ಮಾಡಬೇಕೆಂದು ಅವಳ ಭಾಷೆಯಲ್ಲಿ ಹೇಳದಿದ್ದರೆ ಆ ಗಂಟೆ ಯಾರ ಉಪಯೋಗಕ್ಕೆ? ಬೋರ್ಡಿನಲ್ಲಿ ಕನ್ನಡ ಕೇಳುವುದು ಅಭಿಮಾನಕ್ಕೆ. ಇಲ್ಲಿ ಕನ್ನಡ ಕೇಳುವುದು ಪ್ರಾಣಕ್ಕೆ!

ಆದ್ದರಿಂದ ನಮ್ಮ ಒತ್ತಾಯ ಮೂರು. ರಾಜ್ಯದಲ್ಲಿ ಮಾರುವ ಪ್ರತಿಯೊಂದು ಬೆಂಕಿ ಸುರಕ್ಷತೆಯ ಸಾಮಾನಿನಲ್ಲೂ ಕನ್ನಡದ ಸೂಚನೆ ಕಡ್ಡಾಯವಾಗಲಿ. ಹಾಸ್ಟೆಲ್, ಪಿಜಿ, ಬಾಡಿಗೆ ಮನೆಗಳಿಗೆ ಹೊಗೆಗಂಟೆ ಕಡ್ಡಾಯವಾಗಲಿ. ಬಡವರ ಮನೆಗೆ ಸರ್ಕಾರವೇ ಹಾಕಿಸಲಿ.

ಸರ್ಕಾರ ಏಳುವವರೆಗೆ ನೀವು ಮಲಗಬೇಡಿ. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಕುಣಿದವರು ನಾವು. ಮನೆ ಬೂದಿಯಾದ ಮೇಲೆ ಆ ನೀರೆಲ್ಲ ತಂದು ಸುರಿದರೂ ಹೋದ ಜೀವ ಬರುವುದಿಲ್ಲ. ಮುಂದಿನ ಸಲ ಊರಿಗೆ ಹೋಗುವಾಗ ಸ್ವೀಟ್ ಬಾಕ್ಸಿನ ಜೊತೆ ಒಂದು ಹೊಗೆಗಂಟೆ ಒಯ್ಯಿರಿ. ನೀವೇ ಹಾಕಿ, ಒತ್ತಿ ಕೂಗಿಸಿ. ಕೂಗಿದರೆ ಚಿನ್ನ ತೆಗೆಯಲು ನಿಲ್ಲಬೇಡಿ, ಬಗ್ಗಿ ಹೊರಗೆ ಓಡಿ, 101 ಅಥವಾ 112ಕ್ಕೆ ಫೋನ್ ಮಾಡಿ ಎಂದು ಅವ್ವನಿಗೆ, ಅಪ್ಪನಿಗೆ ಅಚ್ಚಗನ್ನಡದಲ್ಲಿ ಹೇಳಿಕೊಡಿ.

ಓಬವ್ವನ ನಾಡಿನವರೇ, ಕಿಂಡಿ ಕಾಯಿರಿ!